ಕುಬಸದ ಬುತ್ತಿಯೂ ನನ್ನ ಮುಖದ ಕಾಂತಿಯೂ

ನಾನು ಹುಟ್ಟಾ ಪುಕ್ಕಲ. ಮನೆಗೆ ಕೀಲಿ ಹಾಕಿ ಓಣಿಯ ತಿರುವಿನವರೆಗೆ ಹೋಗಿ, ಹಾಕಿದ ಕೀಲಿ ಹಾಕಿದ ಹಾಗೆಯೇ ಇದೆಯೋ ಇಲ್ಲವೋ ಎಂದು ನೋಡಲು ಮರಳಿ ಬರುವವನು. ಗ್ಯಾಸ್ ಸಿಲಿಂಡರಿನ ಕಡೆಗೆ ಎಂದೂ ಬೆನ್ನು ಮಾಡಿ ಕುಳಿತವನಲ್ಲ. ಆಲಮಟ್ಟಿಯ ಆಣೆಕಟ್ಟು ತುಂಬಿದೆ ಎಂಬ ಸುದ್ದಿ ಬಂದರೆ ಸಾಕು, ಅಷ್ಟು ದೂರದ ಬಸವನ ಬಾಗೇವಾಡಿಯಲ್ಲಿ ಕುಳಿತು ನನ್ನ ಚಪ್ಪಲಿಯನ್ನು ಮೇಲಿನ ಮೆಟ್ಟಿಲಿಗೆ ಎತ್ತಿಡುತ್ತೇನೆ. ಇಂಥ ನಾನು ಜೀವಮಾನದಲ್ಲಿ ಒಂದೇ ಒಂದು ವಸ್ತುವನ್ನು ಲವಲೇಶವೂ ಹೆದರದೆ ನಂಬಿದೆ. ಅದು ಬಾದಾಮಿ. ಬಾದಾಮಿಯಿಂದ ಯಾರಿಗೆ ಏನು ಕೇಡಾದೀತು, ಹೇಳಿ!

ಆದೀತು.

ಇದಕ್ಕೆಲ್ಲ ಮೂಲ ಕಾರಣ ನಮ್ಮ ಬೀಗರು. ಮಗಳು ಸವಿತಾಳ ಮಾವ, ಮುದ್ದೇಬಿಹಾಳದ ಶಿವಪುತ್ರಪ್ಪನವರು. ಮನೆ ಕಟ್ಟಿಸುವ ಗುತ್ತಿಗೆದಾರರು. ದಿನವಿಡೀ ಬಿಸಿಲಿನಲ್ಲಿ, ಸಿಮೆಂಟಿನ ಧೂಳಿನಲ್ಲಿ ನಿಲ್ಲುವ ಜೀವ. ವಯಸ್ಸಿನಲ್ಲಿ ನನಗಿಂತ ಹಿರಿಯರು. ಆದರೂ ಅವರ ಮುಖ ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆ ತಂಬಿಗೆಯಂತೆ ಹೊಳೆಯುತ್ತದೆ. ನಾನೋ, ಕಾಲೇಜಿನ ಗ್ರಂಥಪಾಲಕ. ನೌಕರಿ ಸೇರಿದಂದಿನಿಂದ ಫ್ಯಾನಿನ ಕೆಳಗೆ, ಕಪಾಟುಗಳ ನೆರಳಿನಲ್ಲಿ ಬದುಕಿದವನು. ನನ್ನ ಮುಖ ಮಾತ್ರ ಮಾಳಿಗೆಯ ಮೇಲೆ ಒಣಹಾಕಿ ಮರೆತುಬಿಟ್ಟ ಹಾಗಲಕಾಯಿ. ತಲೆಯ ವಿಷಯ ಕೇಳಲೇಬೇಡಿ. ಕರಿ ಕೂದಲೆಲ್ಲ ಉದುರಿ, ಬಿಳಿ ಕೂದಲು ಮಾತ್ರ ನಿಷ್ಠೆಯಿಂದ ಉಳಿದುಕೊಂಡಿತ್ತು.

ಈಚೆಗೆ ಇಂಡಿ ಪಟ್ಟಣದಲ್ಲಿ ಸಂಬಂಧಿಕರ ಮದುವೆ. ನಾನೂ ಬೀಗರೂ ಮದುಮಕ್ಕಳ ಜೊತೆ ಫೋಟೋಕ್ಕೆ ನಿಂತೆವು. ಫೋಟೋದವನು ಕ್ಯಾಮರಾ ಇಳಿಸಿ, ಬೀಗರಿಗೆ ಬಹಳ ಕಳಕಳಿಯಿಂದ ಹೇಳಿದ:

"ಸರ, ನಿಮ್ಮ ಅಪ್ಪಾರಿಗೆ ಒಂದ್ ಕುರ್ಚಿ ಹಾಕಸ್ರಿ. ಪಾಪ, ಎಷ್ಟೊತ್ತಂತ ನಿಂದರತಾರ?"

ಬೀಗರ ತಂದೆ ತೀರಿಕೊಂಡು ಬಹಳ ಕಾಲವಾಗಿತ್ತು. ಇವನಿಗೆ ಅವರು ಎಲ್ಲಿ ಕಂಡರು ಎಂದು ಹೆದರಿ ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಮುಂದೆ ತಿರುಗಿದಾಗ ಇಡೀ ಮಂಟಪ ನನ್ನನ್ನೇ ನೋಡಿ ನಗುತ್ತಿತ್ತು. ಬೀಗರು ತಾವೇ ಒಂದು ಕುರ್ಚಿ ಎಳೆದುತಂದು, "ಕುಂದರ್ರಿ ಅಪ್ಪಾರ" ಎಂದರು!

ಅಂದಿನಿಂದ ಅವರ ಫೋನು ಬಂದಾಗೊಮ್ಮೆ ನನ್ನ ಹೆಂಡತಿ ಕಸ್ತೂರಿಗೆ ಮೊದಲ ಪ್ರಶ್ನೆ ಒಂದೇ: "ಅಪ್ಪಾರು ಆರಾಮ ಅದಾರೇನ್ರಿ ಅಕ್ಕಾರ?"

ಹೀಗಿರುವಾಗ ಮಗಳ ಕುಬಸ ಗೊತ್ತಾಯಿತು. ಚೊಚ್ಚಲ ಬಸುರಿಗೆ ತವರಿನವರು ಸೀರೆ, ಕುಬಸ ಒಯ್ದು ಉಡಿ ತುಂಬುವುದು ನಮ್ಮಲ್ಲಿ ದೊಡ್ಡ ಸಂಭ್ರಮ. ಜೊತೆಗೆ ಬುತ್ತಿ ಕಟ್ಟಿಕೊಂಡು ಹೋಗಬೇಕು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಗಟ್ಟಿ ಮೊಸರು, ರೊಟ್ಟಿಗೆ ಹಚ್ಚಿಕೊಳ್ಳಲು ನಾನಾ ಬಗೆಯ ಹಿಂಡಿ. ಚಟ್ನಿಪುಡಿಗೆ ನಾವು ಹಿಂಡಿ ಎನ್ನುತ್ತೇವೆ. ಹಿಂಡಿ ಇಲ್ಲದ ಬುತ್ತಿಯನ್ನು ನಮ್ಮ ಕಡೆ ಬುತ್ತಿ ಎಂದು ಯಾರೂ ಒಪ್ಪುವುದಿಲ್ಲ. ಕಸ್ತೂರಿಗೆ ಚಿಂತೆ ಮಗಳದ್ದು. "ಏನ ತಿಂದ್ರೂ ಬಾಯಿಗಿ ರುಚಿನ ಇಲ್ಲವ್ವ, ಎಲ್ಲಾ ಮಣ್ಣ ತಿಂದಂಗ ಆಗತೈತಿ" ಎಂದು ಸವಿತಾ ಫೋನಿನಲ್ಲಿ ಅತ್ತಿದ್ದಳು. ನನಗೂ ಮಗಳ ಚಿಂತೆ ಇತ್ತು. ಆದರೆ ಕುಬಸಕ್ಕೆ ಫೋಟೋದವನೂ ಬರುತ್ತಾನಲ್ಲ, ಆ ಚಿಂತೆ ಒಂದು ಹಿಡಿ ಹೆಚ್ಚೇ ಇತ್ತು.

ಆಗ ಫೋನಿನಲ್ಲಿ ನನಗೆ ಒಬ್ಬ ಹೆಣ್ಣುಮಗಳು ದರ್ಶನ ಕೊಟ್ಟಳು. ಕಲ್ಲುಸಕ್ಕರೆಯಂಥ ಮುಖ, ಮೊಣಕಾಲುದ್ದದ ಜಡೆ. ಬಾದಾಮಿ, ಅಕ್ರೋಟ, ಶೇಂಗಾ, ಕೊಬ್ಬರಿ ಇವುಗಳಲ್ಲಿ ಚರ್ಮಕ್ಕೆ ಬೇಕಾದ ಎಣ್ಣೆಯಂಶವಿದೆ, ಕೂದಲಿಗೆ ಬೇಕಾದ ಸತ್ವವಿದೆ, ಹಿಡಿಯಷ್ಟು ನೆನೆಸಿ ದಿನಾ ತಿನ್ನಿರಿ ಎಂದಳು. ಕೊನೆಗೆ, ಬೇಕಾದವರು ನುಣ್ಣಗೆ ಪುಡಿ ಮಾಡಿ ಮೊಸರಿನಲ್ಲಿ ಕಲಸಿ ಹಚ್ಚಿಕೊಳ್ಳಲೂಬಹುದು ಎಂದು ಒಂದು ಮಾತು ಸೇರಿಸಿದಳು. ನಾನು ಲೆಕ್ಕ ಹಾಕಿದೆ. ತಿಂದದ್ದು ಹೊಟ್ಟೆಗೆ ಹೋಗಿ, ರಕ್ತವಾಗಿ, ಸುತ್ತಿ ಬಳಸಿ ಮುಖಕ್ಕೆ ಬರುವಷ್ಟರಲ್ಲಿ ಕುಬಸ ಮುಗಿದು ಮೊಮ್ಮಗುವಿನ ಜವಳವೂ ಆಗಿರುತ್ತದೆ. ಹಚ್ಚುವುದೇ ಹತ್ತಿರದ ದಾರಿ!

ಖಾಜಾಸಾಬ ನನ್ನ ಶಾಲಾ ದಿನಗಳ ಗೆಳೆಯ. ಬಜಾರಿನಲ್ಲಿ ಕಿರಾಣಿ ಅಂಗಡಿ. ಗುಟ್ಟಾಗಿ ವಿಷಯ ತಿಳಿಸಿದೆ.

"ಬದಾಮಿ ಮುಖಕ್ಕ ಭಾಳ ಚಲೋ ನೋಡು. ಅಕ್ರೋಟ ಅಂತೂ ಕೂದಲಕ್ಕ ಅಮೃತ. ಬೋಳ ತಲಿ ಮ್ಯಾಲೆ ಕಾಡ ಬೆಳಸತೈತಿ!" ಎಂದು ತಕ್ಕಡಿ ಎತ್ತಿದ.

ನಾನು ಅವನ ತಲೆ ನೋಡಿದೆ. ಅಂಗಡಿಯ ಬಲ್ಬು ಅದರಲ್ಲಿ ಸ್ವಚ್ಛವಾಗಿ ಕಾಣುತ್ತಿತ್ತು.

"ಮತ್ತ ನೀ ತಿನ್ನಂಗಿಲ್ಲೇನೋ?"

"ನಾ ಮಾರಾಂವಲೇ, ತಿನ್ನಾಂವ ಅಲ್ಲ" ಎಂದು ಪೊಟ್ಟಣ ಕಟ್ಟಿದ.

ಈಗ ಪುಡಿ ಮಾಡುವುದೆಲ್ಲಿ? ಮನೆಯ ಮಿಕ್ಸಿ ಹಚ್ಚಿದರೆ ಕಸ್ತೂರಿ ಮಾತ್ರವಲ್ಲ, ಓಣಿಯೇ ಎದ್ದು ಬರುತ್ತದೆ. ಅಜ್ಜನಾಗಲಿರುವ ಗಂಡಸು ಮುಖಕ್ಕೆ ಲೇಪ ಅರೆಯುತ್ತಿದ್ದಾನೆ ಎಂಬ ಸುದ್ದಿ ಮುದ್ದೇಬಿಹಾಳಕ್ಕೆ ಬಸ್ಸಿಗಿಂತ ಮೊದಲು ಮುಟ್ಟುತ್ತದೆ. ಆದ್ದರಿಂದ ಮನೆಯಲ್ಲಿದ್ದ ಹುರಿದ ಶೇಂಗಾ ಮತ್ತು ಕೊಬ್ಬರಿಯನ್ನೂ ಚೀಲಕ್ಕೆ ಸೇರಿಸಿ, ಊರಾಚೆಯ ಖಾರ ಕುಟ್ಟುವ ಗಿರಣಿಗೆ ಹೋದೆ. ನನ್ನ ಬುದ್ಧಿಗೆ ನಾನೇ ಬೆರಗಾಗಿದ್ದೆ.

ಬೇಸಿಗೆ ಶುರುವಾಗಿತ್ತು ಎಂಬುದನ್ನು ಮಾತ್ರ ಆ ಬುದ್ಧಿ ಮರೆತಿತ್ತು. ವರ್ಷದ ಮಸಾಲೆ ಖಾರ ಕುಟ್ಟಿಸಲು ಊರಿನ ಹೆಣ್ಣುಮಕ್ಕಳೆಲ್ಲ ಬುಟ್ಟಿ, ಡಬ್ಬಿ ಹಿಡಿದು ಪಾಳಿಗೆ ಕುಳಿತಿದ್ದರು. ಎಲ್ಲರೂ ಸೀನುತ್ತಿದ್ದರು. ನಡುವೆ ನಾನೊಬ್ಬನೇ ಗಂಡಸು, ಚೀಲ ಬಗಲಲ್ಲಿ ಅವುಚಿಕೊಂಡು ನಿಂತೆ. ಪಾಳಿಯಲ್ಲಿ ಎಲ್ಲರಿಗಿಂತ ಮುಂದೆ ಕುಳಿತವಳು, ಬೇರೆ ಯಾರಾದರೂ ಆಗಬಾರದಿತ್ತೇ, ನಮ್ಮ ಬಾಜು ಮನೆಯ ಪಾರವ್ವ!

"ಏನ್ ತಮ್ಮಾ, ನೀ ಬಂದಿ? ಕಸ್ತೂರಿ ಎಲ್ಲಿ?"

"ಅಕಿಗೆ ಕುಬಸದ ಕೆಲಸ ಐತ್ರಿ ಯಕ್ಕಾ."

"ಚೀಲದಾಗ ಏನೈತಿ?" ಎಂದವಳು ಉತ್ತರಕ್ಕೆ ಕಾಯಲಿಲ್ಲ. ಚೀಲಕ್ಕೇ ಕೈ ಹಾಕಿದಳು. "ಶೇಂಗಾ... ಕೊಬ್ಬರಿ... ಇದೇನ, ಬದಾಮಿ! ಅಕ್ರೋಟ! ಯವ್ವಾ, ಇಲ್ಲಿ ನೋಡ್ರೆ ಎಲ್ಲಾರೂ! ಮಗಳ ಕುಬಸದ ಬುತ್ತಿಗಿ ಅಪ್ಪ ತಾನ ಹಿಂಡಿ ಕುಟ್ಟಸಾಕ ಬಂದಾನ! ಅದೂ ಬದಾಮಿ ಹಿಂಡಿ!"

ಪಾಳಿಯ ಹೆಣ್ಣುಮಕ್ಕಳ ಕಣ್ಣುಗಳು ಒದ್ದೆಯಾದವು. ಖಾರದ ಘಾಟಿಗೋ, ನನ್ನ ಪುತ್ರಿವಾತ್ಸಲ್ಯಕ್ಕೋ ನಿರ್ಧರಿಸುವುದು ಕಷ್ಟವಿತ್ತು. ಒಬ್ಬಾಕೆ ಇನ್ನೊಬ್ಬಳಿಗೆ, "ನಮ್ಮ ಮನ್ಯಾಗೂ ಒಬ್ಬಾಂವ ಅದಾನ. ಹುಟ್ಟಿದಾಗಿಂದ ಒಂದ ತಂಬಿಗಿ ನೀರ ತಾನ ತುಂಬಕೊಂಡ ಕುಡದಿಲ್ಲ" ಎಂದಳು. ಆಗಲಾದರೂ ನಾನು, "ತಾಯಂದಿರೇ, ಇದು ಹಿಂಡಿಯಲ್ಲ; ನನ್ನ ಮುಖದ ಕಾಂತಿವರ್ಧನೆಗಾಗಿ ಸಿದ್ಧಪಡಿಸಲಾಗುತ್ತಿರುವ ಲೇಪ" ಎಂದು ಘೋಷಿಸಬೇಕಿತ್ತು. ನೀವೇ ಹೇಳಿ, ಅಷ್ಟು ಜನ ಹೆಣ್ಣುಮಕ್ಕಳ ಮುಂದೆ ಹೇಗೆ ಘೋಷಿಸಲಿ? ನಾನು ನಾಚಿ ತಲೆ ತಗ್ಗಿಸಿದೆ. ಅದನ್ನು ಅವರು ವಿನಯ ಎಂದುಕೊಂಡು ಪಾಳಿ ಬಿಟ್ಟುಕೊಟ್ಟರು!

ಪಾರವ್ವ ಪದಾರ್ಥಗಳ ಮೇಲೊಮ್ಮೆ ಕಣ್ಣಾಡಿಸಿ ಹಣೆ ಬಡಿದುಕೊಂಡಳು. "ಗಂಡಸರ ಹಣೇಬಾರ ಇಷ್ಟ ನೋಡ. ಉಪ್ಪಿಲ್ಲ, ಜೀರಿಗಿ ಇಲ್ಲ, ಬಳ್ಳೊಳ್ಳಿ ಇಲ್ಲ. ಇದೆಂಥಾ ಹಿಂಡಿ?" ಎನ್ನುತ್ತ ತನ್ನ ಬುಟ್ಟಿಯಿಂದ ಮೂರನ್ನೂ ಧಾರಾಳವಾಗಿ ಸುರಿದಳು. ನಾನು ಬಾಯಿ ತೆರೆದೆ, ಸೀನು ಬಂತು.

ಗಿರಣಿಯ ಚಂದ್ರಾಮ ಕೇಳಿದ: "ಸರ, ಈಗಷ್ಟ ಖಾರ ಕುಟ್ಟಿ ಇಳಿಸೇನ್ರಿ. ಒರಳ ಒರಸಲೇನ್ರಿ?"

"ಯಾಕ ಒರಸತಿ? ಹಿಂಡಿಗಿ ಖಾರ ಬ್ಯಾಡೇನು? ಕುಟ್ಟ ಹಂಗ!" ಎಂದು ನನ್ನ ಪರವಾಗಿ ಪಾರವ್ವ ಅಪ್ಪಣೆ ಕೊಟ್ಟಳು.

ಪುಡಿ ಡಬ್ಬಿಗೆ ಬಂದಾಗ ಕೆಂಪಗೆ, ಘಮಘಮ ಎನ್ನುತ್ತಿತ್ತು. ಮನೆಯ ದಾರಿಯಲ್ಲಿ ನಾನು ಸಮಾಧಾನದಿಂದ ವಿಚಾರ ಮಾಡಿದೆ. ಉಪ್ಪಿನಿಂದ ಹಲ್ಲು ತಿಕ್ಕುತ್ತೇವೆ. ಹಲ್ಲಿಗೆ ಆಗುವುದು ಗಲ್ಲಕ್ಕೆ ಆಗದೇ? ಜೀರಿಗೆ ತಂಪು. ಬೆಳ್ಳುಳ್ಳಿ ಕೂದಲಿಗೆ ಒಳ್ಳೆಯದೆಂದು ಅದೇ ವಿಡಿಯೋದ ಕೆಳಗೆ ಯಾರೋ ಪುಣ್ಯಾತ್ಮರು ಬರೆದಿದ್ದರು. ಇನ್ನು ಒರಳಿಗೆ ಅಂಟಿದ ಖಾರ ಎಷ್ಟಿದ್ದೀತು? ಬಣ್ಣಕ್ಕಷ್ಟೇ! ಕೀಲಿಯನ್ನು ನಂಬದ ಮನುಷ್ಯ ಹೀಗೆ ಬೆಳ್ಳುಳ್ಳಿಯನ್ನು ನಂಬಿದ. ಡಬ್ಬಿಯನ್ನು ಅಡುಗೆಮನೆಯ ಗೋಡೆಯ ಮಾಡದಲ್ಲಿ, ಉಪ್ಪಿನಕಾಯಿ ಗಡಿಗೆಯ ಹಿಂದೆ ಬಚ್ಚಿಟ್ಟೆ. ಅಷ್ಟು ಡಬ್ಬಿಗಳ ನಡುವೆ ಇದೊಂದನ್ನು ಯಾರು ಗುರುತಿಸುತ್ತಾರೆ?

ಕುಬಸದ ಹಿಂದಿನ ದಿನ. ಪಡಸಾಲೆಯಲ್ಲಿ ಕಸ್ತೂರಿ, ಪಾರವ್ವ ಮತ್ತು ಓಣಿಯ ನಾಲ್ಕು ಜನ ಕರ್ಚಿಕಾಯಿ ತುಂಬುತ್ತ ಕುಳಿತಿದ್ದರು. ನಾನು ಒಂದು ಬಟ್ಟಲು ಪುಡಿಯನ್ನು ಮೊಸರಿನಲ್ಲಿ ಕಲಸಿಕೊಂಡು ಬಚ್ಚಲು ಸೇರಿ ಒಳಗಿನಿಂದ ಚಿಲಕ ಹಾಕಿದೆ. ಹಾಕಿದ ಚಿಲಕ ಎರಡು ಸಲ ಎಳೆದು ನೋಡಿದೆ. ಹಣೆ, ಗಲ್ಲ, ಮೂಗು, ಕುತ್ತಿಗೆ, ಕೊನೆಗೆ ನೆತ್ತಿ, ಎಲ್ಲಿಯೂ ಅನ್ಯಾಯವಾಗದಂತೆ ದಪ್ಪಗೆ ಬಳಿದೆ. ಮೊಸರಿನ ತಂಪು! ಆಹಾ, ಇದೇ ಕಾಂತಿ ಬರುವ ಲಕ್ಷಣವೆಂದು ಕಣ್ಣು ಮುಚ್ಚಿ ಕುಳಿತೆ.

ಬಂತು. ಕಾಂತಿ ಅಲ್ಲ.

ಮೊದಲು ಮೂಗಿನ ತುದಿಯಲ್ಲಿ ಒಂದು ಇರುವೆ ಹರಿದಂತಾಯಿತು. ಆಮೇಲೆ ಅದರ ಬಂಧುಬಳಗ. ನಂತರ ಯಾರೋ ನನ್ನ ಮುಖವನ್ನು ಹಂಚಿನ ಮೇಲೆ ಹಾಕಿ ರೊಟ್ಟಿಯಂತೆ ಮಗುಚಿದರು! ಚಡಪಡಿಸಿ ಬಕೆಟ್ಟಿಗೆ ಚೆಂಬು ಹಾಕಿ ಮುಖಕ್ಕೆ ಸುರಿದುಕೊಂಡೆ. ಅದು ಕಸ್ತೂರಿ ನನ್ನ ಸ್ನಾನಕ್ಕೆಂದು ಪ್ರೀತಿಯಿಂದ ಕಾಯಿಸಿಟ್ಟಿದ್ದ ಬಿಸಿನೀರು. ಬಿಸಿನೀರಿಗೆ ಖಾರ ಹಿಗ್ಗಿತು. ಕಣ್ಣಿಗೂ ಇಳಿಯಿತು. ನಳಕ್ಕೆ ನೀರು ಬಿಡುವ ದಿನ ಅದಾಗಿರಲಿಲ್ಲ. ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ, ಹಿತ್ತಲ ಬಾಗಿಲಿನಿಂದ ಓಡಿ, ಪಾರವ್ವನ ಎಮ್ಮೆ ನೀರು ಕುಡಿಯುವ ಕಲ್ಲಿನ ಬಾನಿಯಲ್ಲಿ ತಲೆಸಮೇತ ಮುಳುಗಿದೆ. ಎಮ್ಮೆ ಆಗ ನೀರು ಕುಡಿಯುತ್ತಿತ್ತು. ನಾನು ತಲೆ ಎತ್ತಿದಾಗ ಒಬ್ಬರನ್ನೊಬ್ಬರು ನೋಡಿದೆವು. ಅದು ಒಂದು ಹೆಜ್ಜೆ ಹಿಂದೆ ಸರಿಯಿತು.

ಎಮ್ಮೆಯ ಕೂಗಿಗೆ ಹೆಂಗಸರೆಲ್ಲ ಹಿತ್ತಲಿಗೆ ಬಂದರು.

"ಅಯ್ಯ ಶಿವನ! ಏನಾತ್ರಿ ಇದು?" ಎಂದು ಕಸ್ತೂರಿ ಕಿರುಚಿದಳು.

"ಕಡಜ! ಕಡಜ ಕಡೀತು!" ಎಂದೆ. ಅಂಥ ಉರಿಯಲ್ಲೂ ಅಂಥ ಸುಳ್ಳು ಹೊಳೆದದ್ದಕ್ಕೆ ನನಗೆ ಇಂದಿಗೂ ಹೆಮ್ಮೆಯಿದೆ.

ಕಸ್ತೂರಿ ನನ್ನ ಗಲ್ಲ ಹಿಡಿದು ಮೂಸಿದಳು. "ಯಾವ ಊರಿನ ಕಡಜರೀ? ಬಳ್ಳೊಳ್ಳಿ ವಾಸನಿ ಬಡಿಯಾಕತ್ತೈತಿ?"

"ಅಡಗಿಮನಿಯಿಂದ ಬಂದಿತ್ತು" ಎಂದೆ.

ಕಡಜಕ್ಕೆ ಮದ್ದು ಸುಣ್ಣ ಎಂಬುದು ಓಣಿಯಲ್ಲಿ ಯಾರಿಗೆ ಗೊತ್ತಿಲ್ಲ? ಪಾರವ್ವ ತನ್ನ ಎಲೆಯಡಿಕೆ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದಳು. ಬೇಡ ಎಂದರೆ ಕಡಜ ಸುಳ್ಳಾಗುತ್ತದೆ. ಬೇಕು ಎಂದರೆ ನಾನು ಸಾಯುತ್ತೇನೆ. ಮರ್ಯಾದೆ ದೊಡ್ಡದೆಂದು ಮುಖ ಒಡ್ಡಿದೆ! ಹಚ್ಚಿದ ಮರುಗಳಿಗೆ ನಾನು ಹಾಕಿದ ಕೂಗಿಗೆ ಹೆದರಿ, ಅದೇ ಪಾರವ್ವ ಸುಣ್ಣ ತೊಳೆದು ಮೇಲೆ ಅರಿಶಿನವನ್ನೂ ಮೆತ್ತಿದಳು. ಸಂಜೆ ಕನ್ನಡಿಯಲ್ಲಿ ನೋಡಿಕೊಂಡೆ. ಸೀಳಿದ ಕಲ್ಲಂಗಡಿ ಹಣ್ಣಿಗೆ ಯಾರೋ ಭಂಡಾರದ ಅರಿಶಿನ ಚೆಲ್ಲಿದ್ದರು. ನೆತ್ತಿಯ ಬಿಳಿ ಕೂದಲು ತುಸು ಕೇಸರಿಯಾಗಿತ್ತು. ಒಟ್ಟಿನಲ್ಲಿ ಬಿಳಿ ಕೂದಲಿನ ಸಮಸ್ಯೆ ಪರಿಹಾರವಾಗಿತ್ತು!

ಮರುದಿನ ಕ್ರೂಸರ್ ಗಾಡಿಯಲ್ಲಿ ಬುತ್ತಿಯ ಬುಟ್ಟಿಗಳೊಡನೆ ಹೊರಟೆವು. ನಿಡಗುಂದಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಕಸ್ತೂರಿ ನನ್ನ ಪಕ್ಕಕ್ಕೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಪಾರವ್ವಕ್ಕ ನಿನ್ನಿ ಎಲ್ಲಾ ಹೇಳ್ಯಾಳ್ರಿ ನನಗ."

"ಏ... ಏನ ಹೇಳ್ಯಾಳ?"

"ಮಗಳ ಸಲುವಾಗಿ ಗಿರಣ್ಯಾಗ ಹೆಂಗಸರ ನಡಕ ನಿಂತು ಹಿಂಡಿ ಕುಟ್ಟಿಸಿಕೊಂಡು ಬಂದೀರಂತ. ನನಗ ಒಂದ ಮಾತ ಹೇಳಲಿಲ್ಲ! ಉಪ್ಪಿನಕಾಯಿ ಗಡಿಗಿ ಹಿಂದ ಇಟ್ಟಿದ್ರಿ, ಹೌದಲ್ಲ? ಹುಡುಕಿ ಬುತ್ತ್ಯಾಗ ಇಟ್ಟೇನಿ."

ಮದುವೆಯಾದಂದಿನಿಂದ ಆಕೆ ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ನಾನು ಆ ನೋಟ ಅನುಭವಿಸುವ ಸ್ಥಿತಿಯಲ್ಲಿರಲಿಲ್ಲ. ಡಬ್ಬಿಯಲ್ಲಿದ್ದುದೆಲ್ಲ ತಿನ್ನುವ ಪದಾರ್ಥವೇ, ನಿಜ. ಆದರೆ ಹೊರಗೆ ಹಚ್ಚಿದರೆ ಎಮ್ಮೆಯ ಬಾನಿಗೆ ಓಡಿಸಿದ್ದು ಒಳಗೆ ಹೋದರೆ ಎಲ್ಲಿಗೆ ಓಡಿಸೀತು? ನನ್ನ ಮುಖ ಹೋದರೆ ಹೋಗಲಿ. ಬಸುರಿ ಮಗಳ ಹೊಟ್ಟೆ! ಮುದ್ದೇಬಿಹಾಳ ಬರುವವರೆಗೂ ಕಂಡ ದೇವರಿಗೆಲ್ಲ ಕೈ ಮುಗಿದೆ. ಡಬ್ಬಿಯನ್ನು ಹೇಗಾದರೂ ಎಗರಿಸಲೇಬೇಕೆಂದು ನಿಶ್ಚಯಿಸಿದೆ.

ಬಾಗಿಲಲ್ಲೇ ಬೀಗರು ನಿಂತಿದ್ದರು. ಅವರ ಮುಖದ ಹಿತ್ತಾಳೆ ತಂಬಿಗೆ ಎಂದಿಗಿಂತ ಹೆಚ್ಚು ಹೊಳೆಯುತ್ತಿತ್ತು.

"ಬರ್ರಿ, ಬರ್ರಿ ಅಪ್ಪಾರ... ಅಯ್ಯ, ಮುಖಕ್ಕ ಏನಾತ್ರಿ ಬೀಗರ?"

"ಕಡಜ ಕಡೀತ್ರಿ."

ಗುತ್ತಿಗೆದಾರರು ಹತ್ತಿರ ಬಂದು, ಕೆಲಸ ತಪಾಸಣೆ ಮಾಡುವವರಂತೆ ನನ್ನ ಗಲ್ಲ ಪರೀಕ್ಷಿಸಿದರು. "ಭಾರಿ ಕಡಜ ಬಿಡ್ರಿ. ಒಂದ ಕಡೆನೂ ಬಿಟ್ಟಿಲ್ಲ. ಗ್ವಾಡಿಗಿ ಗಿಲಾವ ಮಾಡಿದಂಗ ಸಮನಾಗಿ ಕಡದೈತಿ!"

ಉಡಿ ತುಂಬುವ ಗದ್ದಲದಲ್ಲಿ ನಾನು ಬುತ್ತಿ ಇಟ್ಟ ಕೋಣೆಗೆ ಜಾರಿದೆ. ಬುಟ್ಟಿಯ ಬಟ್ಟೆ ಬಿಚ್ಚಿ, ಡಬ್ಬಿ ಹುಡುಕಿ ಅಂಗಿಯೊಳಗೆ ಸೇರಿಸುವಷ್ಟರಲ್ಲಿ ಬೆನ್ನ ಹಿಂದೆ ಧ್ವನಿ ಬಂತು.

"ಏನ್ರಿ ಬೀಗರ, ತಂದ ಬುತ್ತಿ ನೀವ ಹೊಳ್ಳಿ ಒಯ್ಯಾಕತ್ತೀರೇನು?"

ಬೀಗರು! ನಾನು ತೊದಲಿದೆ. "ಇಲ್ರಿ... ಇದು ಬ್ಯಾಡ್ರಿ... ಇದು ಚಲೋ ಆಗಿಲ್ರಿ."

ಬೇಡ ಎಂದದ್ದನ್ನು ಬಿಡುವ ಬೀಗರು ಯಾವ ಊರಿನಲ್ಲಿದ್ದಾರೆ? ಡಬ್ಬಿ ಕಸಿದುಕೊಂಡು ಪಂಕ್ತಿಗೆ ಹೋದರು. ರೊಟ್ಟಿ ಮುರಿದರು. ಹಿಂಡಿಯ ಗುಡ್ಡ ಮಾಡಿ, ನಡುವೆ ಕುಳಿ ತೋಡಿ, ಎಣ್ಣೆ ಬಿಟ್ಟರು. ತುತ್ತು ಬಾಯಿಗೆ ಹೋಯಿತು. ನಾನು ಹತ್ತಿರದಲ್ಲಿ ನೀರಿನ ಬಾನಿ ಎಲ್ಲಿದೆ ಎಂದು ಕಣ್ಣಲ್ಲೇ ಹುಡುಕಿದೆ.

ಬೀಗರು ಕಣ್ಣು ಮುಚ್ಚಿದರು. ಅಗಿದರು. ಮತ್ತೆ ಅಗಿದರು. ಆಮೇಲೆ ಹೊರಡಿಸಿದ ಉದ್ಗಾರಕ್ಕೆ ಪಂಕ್ತಿಯೇ ತಿರುಗಿತು.

"ಎಲಾ ಇವನ! ಬದಾಮಿ ಹಿಂಡಿ! ಅಕ್ರೋಟ ಬ್ಯಾರೆ ಐತಿ! ಹಿಂತಾದ್ದು ಮುಚ್ಚಿಡಾಕತ್ತಿದ್ರೇನ್ರಿ ಬೀಗರ?"

ಡಬ್ಬಿ ಕೈಯಿಂದ ಕೈಗೆ ಹೊರಟಿತು. ನಾನು ತಡೆಯುವಷ್ಟರಲ್ಲಿ ಸವಿತಾಳ ತಟ್ಟೆ ಮುಟ್ಟಿತ್ತು. ಹಸಿರು ಸೀರೆ, ಮುಡಿತುಂಬ ಹೂವು, ಸೋತ ಮುಖ. ಮೊಸರಿನಲ್ಲಿ ಹಿಂಡಿ ಕಲಸಿ, ರೊಟ್ಟಿಯ ಚೂರು ಅದ್ದಿ ಬಾಯಿಗಿಟ್ಟಳು. ಆಕೆ ಇನ್ನೊಂದು ಚೂರು ಮುರಿದಳು. ಮತ್ತೊಂದು. ರೊಟ್ಟಿ ಮುಗಿಯಿತು.

"ಅವ್ವಾ, ಇನ್ನೊಂದ ರೊಟ್ಟಿ ನೀಡ" ಎಂದಳು.

ಆಕೆಯ ಅತ್ತೆಯೂ ಕಸ್ತೂರಿಯೂ ಒಟ್ಟಿಗೆ ಎದ್ದರು. ತಿಂಗಳುಗಟ್ಟಲೆ ಅನ್ನ ಕಂಡರೆ ಮುಖ ತಿರುವುತ್ತಿದ್ದ ಹುಡುಗಿ! "ಅಪ್ಪಾ, ಬಾಯಿಗಿ ರುಚಿ ಬಂತ ನೋಡು. ಇದರಾಗ ಏನೇನ ಹಾಕೀದಿ?" ಎಂದು ಬಾಯಿ ಚಪ್ಪರಿಸಿ ನಕ್ಕಳು. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಅದು ಈಗಾಗಲೇ ಉರಿಯುತ್ತಿದ್ದ ಗಲ್ಲದ ಮೇಲೆ ಇಳಿದು ಚುರ್ ಎಂದಿತು.

ಕೊನೆಗೆ ಫೋಟೋ. ಬಂದವನು ಇಂಡಿಯ ಮದುವೆಯ ಅದೇ ಮಹಾನುಭಾವ! ಕ್ಯಾಮರಾದಲ್ಲಿ ನೋಡಿ ಬಹಳ ಹೊತ್ತು ಯೋಚಿಸಿದ.

"ಆ ಕೆಂಪ ಮುಖದ ಅಜ್ಜಾರ, ಸ್ವಲ್ಪ ಹಿಂದ ಸರೀರಿ. ಬೆಳಕ ಹೊಡಿಯಾಕತ್ತೈತಿ!"

"ಹಿಂದ ಯಾಕೋ?" ಎಂದು ಬೀಗರು ಗದರಿ, ನನ್ನ ತೋಳು ಹಿಡಿದು ಮಗಳ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. "ಹಿಂಡಿ ಮಾಡಿದವರು ಅವರ. ನಡಕ ಕುಂದರತಾರ."

ಆ ಫೋಟೋ ಈಗ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಬೀಗರು ಹೊಳೆಯುತ್ತಿದ್ದಾರೆ, ಮಗಳು ಅವರಿಗಿಂತ ಹೊಳೆಯುತ್ತಿದ್ದಾಳೆ, ನಡುವೆ ನಾನು ಹಣ್ಣು ಮೆಣಸಿನಕಾಯಿಯಂತೆ ಕುಳಿತಿದ್ದೇನೆ. ಬೀಗರ ಫೋನಿನಲ್ಲಿ ನಾನೀಗ ಅಪ್ಪಾರಲ್ಲ, ಹಿಂಡಿ ಬೀಗರು. ಮೊನ್ನೆ ಅವರು, "ನಿಮ್ಮ ಹಿಂಡಿ ದಿನಾ ತಿನ್ನಾಕತ್ತೇನ್ರಿ. ಎಲ್ಲಾರೂ ಮುಖ ಭಾಳ ಕಳೆ ಬಂದೈತಿ ಅನ್ನಾಕತ್ತಾರ. ಇನ್ನೊಂದ ಡಬ್ಬಿ ಕಳಸ್ರಿ" ಎಂದರು. ನಾನು ಫೋನು ಕೆಳಗಿಟ್ಟು ಖಾಜಾಸಾಬನ ಅಂಗಡಿಗೆ ಹೋಗಿ ಬಂದೆ.

ಚೀಲ ಹಿಡಿದು ಗಿರಣಿಗೆ ಹೊರಟಾಗ ಕಸ್ತೂರಿ ಬಾಗಿಲಿಗೆ ಬಂದಳು. ಕೈಯಲ್ಲಿ ನನ್ನ ಸ್ನಾನದ ಟವೆಲು. ಎಷ್ಟು ಒಗೆದರೂ ಹೋಗದ ಕೆಂಪು ಕಲೆ ಅದರ ತುಂಬ. ಪಾಪ, ಬೈಯಲಿಲ್ಲ. ಟವೆಲನ್ನು ತಿರುಗಿಸಿ ತಿರುಗಿಸಿ ತೋರಿಸಿ, ಬಹಳ ಮರ್ಯಾದೆಯಿಂದ ಕೇಳಿದಳು:

"ಈ ಸಲ ತಿನ್ನಾಕ ಎಷ್ಟ, ಹಚ್ಚಾಕ ಎಷ್ಟ ಕುಟ್ಟಸತೀರಿ?"